ಗೊಬ್ಬರದ ಡ್ರಮ್ಮಿನ ನಾತ ನಿಂತದ್ದು ಹೀಗೆ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಸಿ ಕಸವನ್ನು ಹಿತ್ತಲ ಡ್ರಮ್ಮಿನಲ್ಲೇ ಗೊಬ್ಬರ ಮಾಡುತ್ತೇವೆ. ಮಾವಿನ ಸೀಸನ್ ಬಂದದ್ದೇ ತಡ, ಅದು ನಾರತೊಡಗಿತು. ಹುಳ ಬೇರೆ. ಕೆಳಗಿನ ಮನೆಯ ಕಾಕಾ, ‘ಡ್ರಮ್ ತಗಸ್ತೀರೋ, ನಾ ಮನಿ ಬಿಡ್ಲೋ’ ಅಂದರು.

ನಾತಕ್ಕೆ ಕಾರಣ ಗಾಳಿ ಆಡದಿರುವುದು. ಸಾರು, ಹಣ್ಣಿನ ರಸ ತಳದಲ್ಲಿ ನಿಂತರೆ ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಾಗಾಗಿ ತಳಕ್ಕೂ ಬದಿಗೂ ತೂತು ಹೊಡೆಸಿ, ಡ್ರಮ್ಮನ್ನು ಇಟ್ಟಿಗೆ ಮೇಲೆ ಕೂರಿಸಿದೆ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ. ಮಳೆಗಾಲಕ್ಕೆ ತೆಂಗಿನ ನಾರಿನ ಪುಡಿ. ವಾರಕ್ಕೊಮ್ಮೆ ಮಗುಚಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಜಾಸ್ತಿ ನೀರು ಬರಬಾರದು. ಮೇಲೆ ಹಳೆ ಗೊಬ್ಬರ ಹರಡಿದರೆ ಹುಳವೂ ಕಡಿಮೆ. ವಾಸನೆ ಮುಚ್ಚುವ ಪರಿಮಳದ ಪುಡಿ ಮಾತ್ರ ಸುಮ್ನೆ ದುಡ್ಡು ದಂಡ.

ಇನ್ನೊಂದು ತಲೆನೋವು, ಹಸಿ ಕಸದಲ್ಲಿ ಬರುತ್ತಿದ್ದ ಡಯಾಪರ್, ಪ್ಯಾಡ್. ಅವನ್ನು ಸುತ್ತಿಯೇ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಮೆಟ್ಟಿಲ ಬಳಿ ಮುಚ್ಚಳದ ಬೇರೆ ಡಬ್ಬಿ ಇಟ್ಟೆವು. ಎರಡು ಮನೆಯವರು ಇನ್ನೂ ಹಸಿ ಕಸದಲ್ಲೇ ಹಾಕುತ್ತಾರೆ. ಅವರ ಹತ್ತಿರ ಮಾತಾಡುವುದು ಬಾಕಿ ಇದೆ.