ಬೆಂಚ್ ಕಾಯೋರನ್ನು ಇಟ್ಟುಕೊಂಡು ಲೀಗ್ ಗೆದ್ದಿದ್ದು: ನನ್ನ ಅನುಭವ

ಡಾಲಸ್ ಸುತ್ತಮುತ್ತ ಇರುವ ನಾವು ಹನ್ನೆರಡು ಜನ ಕನ್ನಡದವರು ಸೇರಿ ಅಮೆರಿಕನ್ ಫುಟ್‌ಬಾಲ್‌ನ ಸೂಪರ್‌ಫ್ಲೆಕ್ಸ್ ಫ್ಯಾಂಟಸಿ ಲೀಗ್ ಆಡುತ್ತೇವೆ. ನಿಜವಾದ ಆಟಗಾರರನ್ನು ಸುತ್ತು ಸುತ್ತಾಗಿ ಎತ್ತಿ ತಂಡ ಕಟ್ಟೋದು, ಮೈದಾನದಲ್ಲಿ ಅವರು ಆಡಿದ್ದಕ್ಕೆ ತಕ್ಕ ಪಾಯಿಂಟ್ ನಮಗೆ. ಸೂಪರ್‌ಫ್ಲೆಕ್ಸ್ ಅಂದರೆ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು, ಅಂದರೆ ಚೆಂಡು ಎಸೆಯೋರನ್ನು, ಆಡಿಸಬಹುದು. ತಲಾ ನೂರು ಡಾಲರ್. ಮೊದಲ ಮೂರು ಸುತ್ತಿನಲ್ಲೇ ಎಲ್ಲರೂ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಎತ್ತಿಬಿಡುತ್ತಾರೆ. ನಾನು ಒಬ್ಬನನ್ನೇ ಎತ್ತಿ, ಕೊನೆಯ ಸುತ್ತುಗಳಲ್ಲಿ ಬೇರೆ ಬೇರೆ ತಂಡಗಳ ಬ್ಯಾಕಪ್‌ಗಳನ್ನು, ಅಂದರೆ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾದರೆ ಇಳಿಯೋ ಬದಲಿ ಆಟಗಾರರನ್ನು, ತುಂಬಿಕೊಳ್ಳುತ್ತಿದ್ದೆ. 'ಗುರು, ಅಲ್ಲೂ ಬೆಂಚು, ನಿನ್ನ ಹತ್ರಾನೂ ಬೆಂಚು' ಅಂತ ನಗುತ್ತಿದ್ದರು.

ನಗೋದಕ್ಕೆ ಕಾರಣ ಇತ್ತು ಬಿಡಿ. ಶುರುವಿನ ವರ್ಷಗಳಲ್ಲಿ ಫೀಸು ಪೂರ್ತಿ ನೀರಿಗೆ ಹೋಯಿತು. ಒಮ್ಮೆ ಒಬ್ಬ ದೊಡ್ಡ ಸ್ಟಾರ್ ಗಾಯಗೊಂಡಾಗ ಅವನ ಬ್ಯಾಕಪ್‌ಗೆ ವೇವರ್ ಬಜೆಟ್ಟಿನ (ಯಾರೂ ಎತ್ತದ ಆಟಗಾರರನ್ನು ಸೀಸನ್ ನಡುವೆ ಹರಾಜಿನಲ್ಲಿ ಕೊಳ್ಳೋಕೆ ಇರೋ ಲೆಕ್ಕದ ಹಣ) ಹೆಚ್ಚುಕಮ್ಮಿ ಅರ್ಧ ಸುರಿದೆ. ವಾರಕ್ಕೆ ಎಂಟು ಹತ್ತು ಪಾಯಿಂಟ್ ಬಂದರೆ ಪುಣ್ಯ. ಅವನ ಕಾವಲಿಗೆ ಮುಂದೆ ನಿಲ್ಲೋ ಲೈನ್ ತೀರಾ ದುರ್ಬಲ. ಚೆಂಡು ಕೈಗೆ ಬರೋದೇ ತಡ, ಮೈಮೇಲೆ ಇಬ್ಬರು.

ಆಮೇಲೆ ಆಟಗಾರನನ್ನು ನೋಡೋದು ಬಿಟ್ಟು ತಂಡವನ್ನು ನೋಡಿದೆ. ಕೋಚ್ ಯಾರು, ಲೈನ್ ಹೇಗಿದೆ, ಕ್ಯಾಚ್ ಹಿಡಿಯೋರು ಯಾರು. 2022ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಗರಾಪಲೋ ಕಾಲಿಗೆ ಪೆಟ್ಟಾಗಿ ಬ್ಯಾಕಪ್ ಬ್ರಾಕ್ ಪರ್ಡಿ ಇಳಿದ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳೋ ಆ ವರ್ಷದ ಡ್ರಾಫ್ಟಿನ ಕಟ್ಟಕಡೆಯ, 262ನೇ ಆಯ್ಕೆ. ಆದರೆ ಕೋಚ್ ಶಾನಹನ್, ಸುತ್ತ ಮೆಕ್ಯಾಫ್ರಿ, ಕಿಟಲ್‌ರಂಥ ಸ್ಟಾರ್‌ಗಳು. ನನಗೆ ಬಜೆಟ್ಟಿನ ಚಿಲ್ಲರೆಗೆ ಸಿಕ್ಕ. ಸೀಸನ್ ಮುಗಿಯೋವರೆಗೂ ಪ್ರತಿ ಮ್ಯಾಚಿನಲ್ಲೂ ಕನಿಷ್ಠ ಎರಡು ಟಚ್‌ಡೌನ್ ಪಾಸ್ (ಗೋಲಿನಂತೆ ಅಂಕ ತರೋ ಎಸೆತ) ಎಸೆದ. ಸೆಮಿಫೈನಲ್‌ನಲ್ಲಿ ಸೋತೆ, ಅದೂ ನನ್ನ ಕಿಕ್ಕರ್‌ನಿಂದ. ಆದರೂ ನಗು ನಿಂತಿತು.

2023 ನಮ್ಮಂಥವರಿಗೆ ಹಬ್ಬ. ಮಿನಿಸೋಟಾಕ್ಕೆ ಜೋಶ್ ಡಾಬ್ಸ್ ಬಂದು ವಾರವೂ ಆಗಿರಲಿಲ್ಲ, ಅಟ್ಲಾಂಟಾ ಮೇಲೆ 31-28ರಲ್ಲಿ ಗೆಲ್ಲಿಸಿಬಿಟ್ಟ. ನವೆಂಬರ್ ಕೊನೆಗೆ ಕ್ಲೀವ್ಲೆಂಡ್ 38 ವರ್ಷದ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೋನನ್ನು ಪ್ರ್ಯಾಕ್ಟೀಸ್ ಸ್ಕ್ವಾಡ್‌ಗೆ (ಮುಖ್ಯ ಪಟ್ಟಿಯ ಹೊರಗಿನ ಮೀಸಲು ಬಳಗ) ಸೇರಿಸಿಕೊಂಡಿತು. ಅವನು ಮೈದಾನಕ್ಕೆ ಇಳಿಯೋ ಮೊದಲೇ ವೇವರ್ ಬಜೆಟ್ಟಿನ ಒಂದು ಡಾಲರ್‌ಗೆ ಎತ್ತಿಕೊಂಡೆ. ಆ ಸುದ್ದಿಯನ್ನು ಎಲ್ಲಿ, ಯಾವ ಹೊತ್ತಿಗೆ ನೋಡುತ್ತೇನೆ ಅಂತ ಮಾತ್ರ ಹೇಳಲ್ಲ, ಲೀಗಿನವರೂ ಇದನ್ನು ಓದುತ್ತಾರೆ. ಡಿಸೆಂಬರ್‌ನಲ್ಲಿ ಸತತ ನಾಲ್ಕು ಮ್ಯಾಚ್, ನಾಲ್ಕರಲ್ಲೂ 300 ಯಾರ್ಡ್ ಮೇಲೆ, ನಾಲ್ಕೂ ಗೆಲುವು. ನಮ್ಮ ಲೀಗಿನ ಪ್ಲೇಆಫ್ (ಕೊನೆಯ ನಾಕೌಟ್ ಸುತ್ತು) ಬಿದ್ದಿದ್ದೂ ಸರಿಯಾಗಿ ಆಗಲೇ.

ಜೊತೆಗೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಬ್ಯಾಕಪ್ ಬಂದಾಗ ಅದೇ ತಂಡದ ಟೈಟ್ ಎಂಡ್‌ನನ್ನು (ಲೈನಿನ ಪಕ್ಕದಲ್ಲೇ ನಿಂತು ಕ್ಯಾಚ್ ಹಿಡಿಯೋ ಆಟಗಾರ) ಟ್ರೇಡ್‌ನಲ್ಲಿ ಕೇಳೋದು. ಹೊಸಬ ಹತ್ತಿರ ನಿಂತವನಿಗೇ ಜಾಸ್ತಿ ಎಸೆಯುತ್ತಾನೆ ಅನ್ನೋದು ನನ್ನ ಲೆಕ್ಕ. ಫ್ಲ್ಯಾಕೋ ದೂರಕ್ಕೂ ಎಸೆದ, ಆ ಮಾತು ಬೇರೆ. ಕ್ಲೀವ್ಲೆಂಡಿನ ಟೈಟ್ ಎಂಡ್ ಎನ್‌ಜೋಕು ಅಂತೂ ಶಿಕಾಗೋ ಮೇಲೆ ಹತ್ತು ಕ್ಯಾಚ್ ಹಿಡಿದ. ನನ್ನದೇ ಸ್ಟಾರ್ಟರ್‌ನ ಬ್ಯಾಕಪ್ ಇಟ್ಟುಕೊಳ್ಳೋದನ್ನೂ ನೋಡಿದೆ. ಒಂದು ಜಾಗ ದಂಡ, ಅಷ್ಟೇ.

ಗೆದ್ದಿದ್ದು ಸುಮಾರು ಏಳುನೂರು ಡಾಲರ್. ಹಳೇ ಫೀಸೆಲ್ಲ ಕಳೆದು ಮೇಲೆ ಒಂದಿಷ್ಟು ಉಳಿಯಿತು. ಈಗ ತೊಂದರೆ ಅಂದರೆ, ನಕ್ಕವರೇ ಹತ್ತನೇ ಸುತ್ತಿಗೆಲ್ಲ ಒಳ್ಳೇ ಬ್ಯಾಕಪ್‌ಗಳನ್ನು ಎತ್ತಿಬಿಡುತ್ತಾರೆ. ನಾನು ಮೂರನೇ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಮಾಡಲು ಶುರು ಮಾಡಿದ್ದೇನೆ.