ತಾಲಿನ್‌ನಲ್ಲಿ ದೊಡ್ಡ ಊಟ ಮಧ್ಯಾಹ್ನಕ್ಕಿರಲಿ

ಎಸ್ಟೋನಿಯಾದ ರಾಜಧಾನಿ ತಾಲಿನ್‌ಗೆ ಹೊರಟವರು ದಿನದ ದೊಡ್ಡ ಊಟವನ್ನು ಮಧ್ಯಾಹ್ನ ಹನ್ನೆರಡರ ಸುಮಾರಿಗೇ ಮುಗಿಸಿ. ಮೆನು ತೆರೆಯುವ ಮೊದಲು ‘ಪ್ಯಾವಪ್ರಾದ್’ ಇದೆಯೇ ಎಂದು ಕೇಳಿ. ಅದು ಕೆಲಸಕ್ಕೆ ಹೋಗುವ ಸ್ಥಳೀಯರಿಗಾಗಿ ಮಾಡುವ ಆ ದಿನದ ಅಡುಗೆ. ಒಂದೆರಡು ಬಗೆಯನ್ನೇ ಒಟ್ಟಿಗೆ ಬೇಯಿಸಿಡುವುದರಿಂದ ಬೆಲೆಯೂ ಕಡಿಮೆ, ಕಾಯುವ ಹೊತ್ತೂ ಕಡಿಮೆ. ಬಾಗಿಲ ಬಳಿಯ ಹಲಗೆಯ ಮೇಲೆ ಹೆಚ್ಚಾಗಿ ಬರೆದಿರುತ್ತಾರೆ: ‘ಕನ’ ಎಂದರೆ ಕೋಳಿ, ‘ಕಲ’ ಎಂದರೆ ಮೀನು, ‘ಲಿಹ’ ಎಂದರೆ ಮಾಂಸ. ಸಸ್ಯಾಹಾರಿಗಳು ‘ತೈಮೆತೊಯ್ಟ್’ ಎಂದು ಕೇಳಬೇಕು; ತರಕಾರಿ ಸೂಪಿಗೂ ಮಾಂಸದ ಸಾರು ಬಳಸಿರಬಹುದು, ವಿಚಾರಿಸಿಯೇ ಚಮಚ ಹಿಡಿಯಿರಿ. ಕಪ್ಪು ರೈ ಬ್ರೆಡ್ ಸಿಕ್ಕರೆ ದಯವಿಟ್ಟು ಬಿಡಬೇಡಿ. ತುಸು ಹುಳಿ, ತುಸು ಸಿಹಿ, ಒತ್ತಾದ ತಿರುಳು; ಬೆಣ್ಣೆ ಸವರಿದರೆ ಅದೇ ಅರ್ಧ ಊಟ. ಶನಿವಾರ, ಭಾನುವಾರ ಮತ್ತು ಜೂನ್ 23, 24ರಂಥ ಸರ್ಕಾರಿ ರಜೆಗಳಲ್ಲಿ ಈ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ. ಪುರಭವನದ ಚೌಕದ ಸುತ್ತ ಪ್ರವಾಸಿಗರ ಹೋಟೆಲುಗಳೇ ಹೆಚ್ಚು. ಕೋಟೆಗೋಡೆ ದಾಟಿ ಬಾಲ್ಟಿ ಯಾಮ್ ರೈಲು ನಿಲ್ದಾಣದ ಕಡೆ ನಡೆದರೆ ಸಿಗುವ ಸಂಭವ ಹೆಚ್ಚು. ಡಿಸೆಂಬರಿನಲ್ಲಿ ಹೋಗುವವರು ಇನ್ನೊಂದು ನೆನಪಿಡಬೇಕು: ಮಧ್ಯಾಹ್ನ ಮೂರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬೆಳಿಗ್ಗೆ ಹತ್ತಕ್ಕೇ ತೂಂಪೆಯಾ ಗುಡ್ಡ ಹತ್ತಿ, ಕೊಹ್ತುಒತ್ಸ ಕಟ್ಟೆಯಿಂದ ಕೆಂಪು ಹೆಂಚಿನ ಮಾಡುಗಳನ್ನೂ ಓಲೆವಿಸ್ತೆ ಇಗರ್ಜಿಯ ಗೋಪುರವನ್ನೂ ಅದರಾಚೆಯ ಕಡಲನ್ನೂ ಕಣ್ತುಂಬಿಕೊಂಡು, ಆಮೇಲೆ ಊಟಕ್ಕೆ ಇಳಿಯಿರಿ.