ಮುಂದೆ ಒಂದು ಮಾಡೆಲ್, ಹಿಂದೆ ಇನ್ನೊಂದು: ನನ್ನ ಕಾರಿನ ಟೈರ್ ಅನುಭವ

ನಾಲ್ಕೂ ಟೈರ್ ಒಂದೇ ಮಾಡೆಲ್ ಇದ್ದರೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಮಾತ್ರ ಸವೆದು, ಇನ್ನೆರಡರಲ್ಲಿ ಬಟನ್ (ರಸ್ತೆಗೆ ತಾಗುವ ಮೇಲ್ಮೈಯ ಉಬ್ಬುಗಳು) ಚೆನ್ನಾಗಿ ಉಳಿದಿದ್ದರೆ ಸುಮ್ನೆ ಎಸೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ನಾನು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕೆಲಸಕ್ಕೆ ಓಡಾಡುವವನು. ನನ್ನದು ಮುಂದಿನ ಚಕ್ರ ಎಳೆಯುವ ಸಣ್ಣ ಕಾರು. ಎಳೆಯುವುದು, ತಿರುಗುವುದು, ಬ್ರೇಕ್ ಹಾಕಿದಾಗ ಭಾರ ತಡೆಯುವುದು ಎಲ್ಲಾ ಮುಂದಿನವೇ. ಹಾಗಾಗಿ ಅವೇ ಮೊದಲು ಸವೆದವು. ಕಾರಿನ ಜೊತೆ ಬಂದಿದ್ದ ಮಾಡೆಲ್ ಅಂಗಡಿಯಲ್ಲಿ ಸಿಗಲಿಲ್ಲ. ಬೇರೆ ಮಾಡೆಲ್‌ನ ಜೋಡಿ ತೆಗೆದುಕೊಂಡೆ.

ಅಳತೆ ಮಾತ್ರ ಒಂಚೂರೂ ಬದಲಿಸಲಿಲ್ಲ. ನನ್ನ ಟೈರ್ 185/65 ಆರ್15, 88ಎಚ್. ಇದರಲ್ಲಿ 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಹೊಸದರ ಮೇಲೂ ಇವೇ ಅಂಕಿ ಇರಬೇಕು. ತಯಾರಾದ ವಾರವನ್ನೂ ನೋಡಿದೆ. ಪಕ್ಕದಲ್ಲಿ 1424 ಅಂತಿದ್ದರೆ 2024ರ 14ನೇ ವಾರ ಅಂತ ಅರ್ಥ. ಮೊಬೈಲ್ ಟಾರ್ಚ್ ಹಾಕಿ ಎರಡೂ ಟೈರಿನ ಅಂಕಿ ಓದಿಕೊಂಡ ಮೇಲೆಯೇ ಬಿಲ್ ಮಾಡಿಸಿದೆ. ಒಂದೇ ಆಕ್ಸಲ್‌ನಲ್ಲಿ (ಮುಂದಿನ ಅಥವಾ ಹಿಂದಿನ ಜೋಡಿಯಲ್ಲಿ) ಎಡಕ್ಕೊಂದು, ಬಲಕ್ಕೊಂದು ಮಾಡೆಲ್ ಹಾಕುವುದು ಬೇಡವೇ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು.

ಚರ್ಚೆ ಆಗಿದ್ದು ಹೊಸವು ಎಲ್ಲಿಗೆ ಅನ್ನುವುದರ ಮೇಲೆ.

“ಹೊಸವು ಮುಂದಕ್ಕೆ ಹಾಕಾಣ್ರೀ ಸರ್, ಎಂಜಿನ್ ಭಾರ ಅಲ್ಲೇ ಐತಲ್ಲ” ಅಂದ ಅಂಗಡಿಯ ಹುಡುಗ.

“ಬೇಡಪ್ಪಾ, ಹಿಂದಿನವನ್ನ ಮುಂದಕ್ಕೆ ತಗೊಂಬಾ, ಹೊಸವು ಹಿಂದಕ್ಕೆ ಹಾಕು” ಅಂದೆ.

ತುಂಬಾ ಜನ ಆ ಹುಡುಗನ ಹಾಗೇ ಯೋಚಿಸುತ್ತಾರೆ. ಆದರೆ ಮಳೆಯಲ್ಲಿ ಏನಾಗುತ್ತದೆ ನೋಡಿ. ಮುಂದಿನ ಟೈರ್ ಹಿಡಿತ ಬಿಟ್ಟರೆ ಕಾರು ತಿರುಗದೆ ನೇರ ಹೋಗುತ್ತದೆ. ಗಾಬರಿಯಲ್ಲಿ ಕಾಲು ಆಕ್ಸಿಲರೇಟರ್‌ನಿಂದ ತಾನಾಗಿಯೇ ಮೇಲೆ ಬರುತ್ತದೆ, ಭಾರ ಮುಂದಕ್ಕೆ ಬೀಳುತ್ತದೆ, ಸಾಮಾನ್ಯವಾಗಿ ಹಿಡಿತ ಮತ್ತೆ ಸಿಗುತ್ತದೆ. ಹಿಂದಿನವು ಬಿಟ್ಟರೆ ಕಾರಿನ ಬಾಲವೇ ತಿರುಗುತ್ತದೆ. ಆಗ ಕಾಲು ಎತ್ತಿದರೆ ಹಿಂದಿನ ಭಾರ ಇನ್ನೂ ಕಮ್ಮಿಯಾಗಿ ಇನ್ನಷ್ಟು ಜಾರುತ್ತದೆ. ನಮ್ಮಂಥ ಸಾಮಾನ್ಯ ಚಾಲಕರಿಗೆ ಅದನ್ನು ಹಿಡಿದು ನಿಲ್ಲಿಸಲು ಆಗುವುದಿಲ್ಲ. ಅದಕ್ಕೇ ಯಾವ ಚಕ್ರ ಎಳೆಯುವ ಕಾರಾದರೂ ಹೆಚ್ಚು ಬಟನ್ ಇರುವ ಜೋಡಿ ಹಿಂದೆ ಇರಬೇಕು.

ನಮ್ಮ ಕಡೆ ಇದು ಪುಸ್ತಕದ ಮಾತಲ್ಲ. ಆನಗೋಡು, ಭರಮಸಾಗರದ ಕಡೆ ಹೆದ್ದಾರಿ ಬಿಟ್ಟು ಸರ್ವಿಸ್ ರೋಡಿಗೆ ಇಳಿಯಿರಿ. ಟ್ರ್ಯಾಕ್ಟರ್ ಚಕ್ರಕ್ಕೆ ಅಂಟಿಕೊಂಡು ಬಂದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದಿರುತ್ತದೆ. ಒಂದು ಹನಿ ಮಳೆ ಬಿದ್ದರೆ ಸಾಕು, ರಸ್ತೆ ಬೆಣ್ಣೆ ಸವರಿದ ದೋಸೆ ಹಂಚಿನಂತಾಗುತ್ತದೆ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅವತ್ತೇ ಮಾಡಿಸಿದೆ. ಹೊಸ ಟೈರಿನ ಮೇಲ್ಮೈ ಮೊದಮೊದಲು ನುಣುಪಾಗಿರುತ್ತದೆ, ಅದಕ್ಕೆ ಮೊದಲ ಕೆಲವು ನೂರು ಕಿ.ಮೀ. ನಿಧಾನಕ್ಕೇ ಓಡಿಸಿದೆ. ಆಮೇಲೆ ಊರ ಹೊರಗಿನ ಖಾಲಿ ಲೇಔಟ್‌ನಲ್ಲಿ, ರಸ್ತೆ ಒದ್ದೆಯಿದ್ದಾಗ, ಕಡಿಮೆ ವೇಗದಲ್ಲಿ ಬ್ರೇಕ್ ಹಾಕಿ ನೋಡಿದೆ. ನೇರವಾಗಿ ನಿಂತಿತು.

ವ್ಯತ್ಯಾಸ ಗೊತ್ತಾಗಿದ್ದು ಗಾಳಿಯಲ್ಲಿ. ಚಿತ್ರದುರ್ಗ ಹತ್ತಿರ ಬಂದಂತೆ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಅಲ್ಲಿ ಅಡ್ಡಗಾಳಿ ಹೊಡೆದಾಗ ಕಾರಿನ ಹಿಂಭಾಗ ಮೊದಲಿಗಿಂತ ಸ್ವಲ್ಪ ಜಾಸ್ತಿ ಓಲಾಡಿತು. ಅಳತೆ ಒಂದೇ ಆದರೂ ಹೊಸ ಮಾಡೆಲ್‌ನ ಪಕ್ಕದ ಗೋಡೆ ಮೆತ್ತಗಿದೆ. ಬೆರಳಿನಿಂದ ಒತ್ತಿದರೇ ತಿಳಿಯುತ್ತದೆ. ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಬರೆದಷ್ಟೇ ಗಾಳಿಯನ್ನು, ಬೆಳಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಿದ ಮೇಲೆ ಓಲಾಟ ಕಮ್ಮಿಯಾಯಿತು. ಬಿಸಿ ಟೈರಿನಲ್ಲಿ ಗಾಳಿ ನೋಡಿದರೆ ಲೆಕ್ಕ ತಪ್ಪುತ್ತದೆ. ಉಳಿದದ್ದಕ್ಕೆ ಕೈ ಒಗ್ಗಿಕೊಂಡಿತು.

ನಾಲ್ಕೂ ಚಕ್ರ ಎಳೆಯುವ ಗಾಡಿ ಇದ್ದವರು ಮಾತ್ರ ಹೀಗೆ ಮಾಡಬೇಡಿ. ಟೈರಿನ ಸುತ್ತಳತೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಮೇಲೆ ಹೊರೆ ಬೀಳುತ್ತದೆ.

ಈಗ ಮುಂದಿರುವ ಹಳೆಯ ಜೋಡಿಯ ಬಟನ್ ಆಗಾಗ ಅಳೆಯುತ್ತಿದ್ದೇನೆ. ಕಾನೂನು 1.6 ಮಿ.ಮೀ. ವರೆಗೆ ಬಿಡುತ್ತದೆ, ನಾನು 3ಕ್ಕೆ ಬಂದರೆ ತೆಗೆಸುತ್ತೇನೆ. ಆಗ ಹಿಂದೆ ಇರುವ ಮಾಡೆಲ್‌ನದೇ ಇನ್ನೊಂದು ಜೋಡಿ ತಂದು ಹಿಂದಕ್ಕೆ ಹಾಕಿಸಿ, ಈಗ ಹಿಂದಿರುವವನ್ನು ಮುಂದಕ್ಕೆ ತರುವುದು. ನಾಲ್ಕೂ ಒಂದೇ ಆಗುತ್ತವೆ.